ಪದ್ಯವೂ ಅರ್ಥವೂ: ಕಿರುತೆರೆಯ ಮೇಲೆ ಬೈಬಲ್ ಕಥೆಗಳು

1987ರ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಆರಂಭವಾಯಿತು. 78 ಕಂತುಗಳ ಆ ಧಾರಾವಾಹಿ 1988ರ ಜುಲೈ 31ರಂದು ಮುಗಿಯಿತು. ಅದೇ ವರ್ಷದ ಅಕ್ಟೋಬರ್ 2ರಿಂದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ' 94 ಕಂತುಗಳಲ್ಲಿ ಬಂತು. ಹಿಂದಿ ಅಷ್ಟಾಗಿ ಬಾರದ ನಮ್ಮ ಕರಾವಳಿಯ ಜನರೂ ಟಿ.ವಿ. ಇದ್ದ ಮನೆಗಳಲ್ಲಿ ಒಟ್ಟುಗೂಡಿ ಅವುಗಳನ್ನು ನೋಡಿದರು. ಭಾಷೆ ತಿಳಿಯದಿದ್ದರೂ ಕಥೆ ತಿಳಿದಿತ್ತು. ಯಕ್ಷಗಾನದ ಬಯಲಾಟಗಳಲ್ಲಿ ನೋಡಿದ ರಾವಣ, ಕರ್ಣ, ದ್ರೌಪದಿಯರೇ ತೆರೆಯ ಮೇಲೆ ಬಂದಿದ್ದರು. 'ಮಹಾಭಾರತ'ಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂಬ ಮುಸಲ್ಮಾನ ಸಾಹಿತಿ ಎಂಬುದು ಇಂದಿಗೂ ನೆನೆಯಬೇಕಾದ ಸಂಗತಿ.

1990ರ ದಶಕದ ಆರಂಭದಲ್ಲಿ ಅದೇ ದೂರದರ್ಶನದಲ್ಲಿ 'ಬೈಬಲ್ ಕೀ ಕಹಾನಿಯಾಂ' ಎಂಬ ಸರಣಿ ಪ್ರಸಾರವಾಯಿತು. ಕೇರಳದ ನವೋದಯ ಸಂಸ್ಥೆಯ ಅಪ್ಪಚ್ಚನ್ ಅದರ ನಿರ್ಮಾಪಕರು. ಭಾರತದ ಮೊದಲ ತ್ರೀ-ಡಿ ಚಿತ್ರವನ್ನು 1984ರಲ್ಲಿ ಕೊಟ್ಟ ಜಿಜೋ ಅವರ ಹೊಣೆಗಾರಿಕೆಯಲ್ಲಿ ಹಳೆಯ ಒಡಂಬಡಿಕೆಯ ಕಥೆಗಳು ಹಿಂದಿಯಲ್ಲಿ ಮಾತನಾಡಿದವು. ಕ್ರೈಸ್ತ ಕುಟುಂಬಗಳಿಗೆ ಅದೊಂದು ಸಂತೋಷದ ಸುದ್ದಿಯೇ ಆಗಿತ್ತು. ಆದರೂ ಆ ಎರಡು ಮಹಾಕಾವ್ಯಗಳ ಧಾರಾವಾಹಿಗಳಿಗೆ ದೊರೆತ ಹಿಡಿತ ಇದಕ್ಕೆ ದೊರೆಯಲಿಲ್ಲ. ನಮ್ಮ ದೇಶದಲ್ಲಿ ಕ್ರೈಸ್ತರು ಕಡಿಮೆ ಎಂಬುದು ಇದಕ್ಕೆ ಸುಲಭವಾಗಿ ಸಿಗುವ ಉತ್ತರ. ಅದು ಪೂರ್ಣ ಉತ್ತರವಲ್ಲ. ಬೈಬಲ್ ಕಥೆಗಳನ್ನು ನಾಟಕವಾಗಿಸುವ ಕೆಲಸದಲ್ಲಿಯೇ ಒಂದು ವಿಶೇಷವಾದ ಕಷ್ಟವಿದೆ. ಇಂದು ನಮ್ಮ ಮಕ್ಕಳು ದೇವರ ವಾಕ್ಯವನ್ನು ಪುಸ್ತಕದಲ್ಲಿ ಓದುವ ಮೊದಲೇ ಕೈಯಲ್ಲಿರುವ ಮೊಬೈಲಿನ ತೆರೆಯಲ್ಲಿ ನೋಡಿಬಿಡುತ್ತಾರೆ. ಆದ್ದರಿಂದ ಈ ಕಷ್ಟವನ್ನು ಅರಿಯುವುದು ಕಲಾವಿದರಿಗೆ ಎಷ್ಟು ಅಗತ್ಯವೋ ಮನೆಮಂದಿಗೂ ಅಷ್ಟೇ ಅಗತ್ಯ.

ಕಡಿಮೆ ಮಾತಿನ ಗ್ರಂಥ

ಬೈಬಲ್ ಬಹಳ ಕಡಿಮೆ ಮಾತನಾಡುವ ಗ್ರಂಥ. ಆದಿಕಾಂಡದ 22ನೆಯ ಅಧ್ಯಾಯವನ್ನು ತೆಗೆದುಕೊಳ್ಳೋಣ. ಅಬ್ರಹಾಮನು ತನ್ನ ಮಗ ಇಸಾಕನನ್ನು ಬಲಿಯಾಗಿ ಅರ್ಪಿಸಲು ಹೊರಡುತ್ತಾನೆ. ಮೂರು ದಿನಗಳ ಪ್ರಯಾಣ. ಆ ಮೂರು ದಿನಗಳಲ್ಲಿ ತಂದೆ ಏನು ಯೋಚಿಸಿದನು, ರಾತ್ರಿ ನಿದ್ರೆ ಬಂತೇ, ಮಗನ ಮುಖವನ್ನು ಹೇಗೆ ನೋಡಿದನು ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಮನೆಯಲ್ಲಿದ್ದ ತಾಯಿ ಸಾರಾಳ ಹೆಸರೇ ಆ ಅಧ್ಯಾಯದಲ್ಲಿ ಬರುವುದಿಲ್ಲ. ಮುಂದಿನ ಅಧ್ಯಾಯ ತೆರೆಯುವುದು ಅವಳ ಮರಣದ ಸುದ್ದಿಯೊಂದಿಗೆ. ಈ ಎರಡು ಅಧ್ಯಾಯಗಳ ನಡುವಿನ ಮೌನವನ್ನು ಕಂಡು, ನಡೆದದ್ದನ್ನು ಕೇಳಿಯೇ ಆ ತಾಯಿ ಪ್ರಾಣ ಬಿಟ್ಟಳು ಎಂದು ಯೆಹೂದ್ಯ ಪರಂಪರೆಯ ವ್ಯಾಖ್ಯಾನಕಾರರು ಕಥೆ ಕಟ್ಟಿದರು.

ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದ ಅರಸನು ಊರೀಯನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಳ್ಳುತ್ತಾನೆ. ಆ ಇಡೀ ಅಧ್ಯಾಯದಲ್ಲಿ ಆಕೆಯ ಬಾಯಿಂದ ಬರುವುದು ತಾನು ಬಸುರಾಗಿದ್ದೇನೆ ಎಂಬ ಸಂದೇಶವೊಂದೇ. ಭಯವೇ, ಸಿಟ್ಟೇ, ನಾಚಿಕೆಯೇ ಯಾವುದನ್ನೂ ಗ್ರಂಥ ಹೇಳುವುದಿಲ್ಲ.

ಟಿ.ವಿ.ಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ಮುಖಗಳು ಬೇಕು, ಮಾತು ಬೇಕು, ಪ್ರತಿ ಕಂತಿನ ಕೊನೆಯಲ್ಲಿ ನಾಳೆಗಾಗಿ ಒಂದು ಕುತೂಹಲ ಬೇಕು. ನಾಲ್ಕು ವಾಕ್ಯಗಳ ಕಥೆಯನ್ನು ನಲವತ್ತು ನಿಮಿಷಕ್ಕೆ ಹಿಗ್ಗಿಸಬೇಕಾದರೆ ಗ್ರಂಥದಲ್ಲಿಲ್ಲದ್ದನ್ನು ಸೇರಿಸಲೇಬೇಕು. ಇಲ್ಲಿಯೇ ಎರಡು ಬಗೆಯ ಸೋಲುಗಳು ಸಂಭವಿಸುತ್ತವೆ.

ಮೊದಲನೆಯದು ಭಯಭಕ್ತಿಯ ಸೋಲು. ಒಂದು ಮಾತನ್ನೂ ಸೇರಿಸಲು ಹೆದರುವ ನಿರ್ದೇಶಕನು ಗ್ರಂಥದ ವಾಕ್ಯಗಳನ್ನು ನಟರಿಂದ ಓದಿಸಿಬಿಡುತ್ತಾನೆ. ಲೂಕನ ಶುಭಸಂದೇಶವನ್ನು ಆಧರಿಸಿದ 1979ರ 'ಜೀಸಸ್' ಚಿತ್ರ ಕನ್ನಡವೂ ಸೇರಿದಂತೆ ಎರಡು ಸಾವಿರಕ್ಕೂ ಮಿಕ್ಕ ಭಾಷೆಗಳಿಗೆ ಡಬ್ ಆಗಿದೆ. ಅಷ್ಟು ಜನರಿಗೆ ಯೇಸುಸ್ವಾಮಿಯ ಕಥೆಯನ್ನು ಮುಟ್ಟಿಸಿದ ಅದರ ಸೇವೆ ದೊಡ್ಡದು. ಆದರೆ ನಾಟಕವಾಗಿ ನೋಡಿದರೆ ಅದು ಚಲಿಸುವ ಚಿತ್ರಪಟಗಳ ಮಾಲೆಯಂತಿದೆ. ಯಾವ ಪಾತ್ರದ ಒಳಗೂ ನಮಗೆ ಪ್ರವೇಶ ಸಿಗುವುದಿಲ್ಲ.

ಎರಡನೆಯದು ಧಾರಾಳದ ಸೋಲು. 2020ರ ಡಿಸೆಂಬರ್‌ನಲ್ಲಿ ಆ್ಯಂಡ್ ಟಿವಿ ವಾಹಿನಿಯಲ್ಲಿ ಆರಂಭವಾದ ಹಿಂದಿ ಧಾರಾವಾಹಿ 'ಯೇಶು' ಬಾಲಯೇಸುವಿನ ವರ್ಷಗಳನ್ನು ಹಲವಾರು ಕಂತುಗಳಿಗೆ ಎಳೆಯಿತು. ಆ ವರ್ಷಗಳ ಬಗ್ಗೆ ಶುಭಸಂದೇಶ ನಮಗೆ ಕೊಟ್ಟಿರುವುದು, ಹನ್ನೆರಡನೆಯ ವಯಸ್ಸಿನಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ಉಳಿದುಕೊಂಡ ಒಂದೇ ಒಂದು ಘಟನೆ. ಮಿಕ್ಕದ್ದೆಲ್ಲ ಕಲ್ಪನೆ. ತಾಯಿ ಮಗನ ವಾತ್ಸಲ್ಯವನ್ನು ಭಾರತದ ಎಲ್ಲ ಧರ್ಮದ ಮನೆಗಳಿಗೆ ಒಯ್ದ ಒಳ್ಳೆಯತನ ಆ ಧಾರಾವಾಹಿಗಿದೆ. ಆದರೆ ಸೈತಾನನು ಕಣ್ಣೆದುರಿಗೆ ಬಂದು ಸಂಚು ಹೂಡುವ ಕಥೆಯಲ್ಲಿ ಕೆಡುಕು ಹೊರಗಿನಿಂದ ಬರುವ ಖಳನಾಯಕನಾಗಿಬಿಡುತ್ತದೆ. ಹೃದಯದೊಳಗಿನಿಂದಲೇ ಕೆಡುಕು ಹೊರಡುತ್ತದೆ ಎಂಬ ಯೇಸುಸ್ವಾಮಿಯ ಬೋಧನೆಗೆ ಅಲ್ಲಿ ಎಡೆ ಉಳಿಯುವುದಿಲ್ಲ.

ನಾವೂ ರೂಪಾಂತರಕಾರರೇ

ಗ್ರಂಥದಲ್ಲಿಲ್ಲದ್ದನ್ನು ಸೇರಿಸುವುದೇ ತಪ್ಪು ಎಂದು ಹೇಳಿಬಿಡಬಹುದಲ್ಲವೇ ಎಂದು ಕೆಲವರು ಕೇಳಿಯಾರು. ಹಾಗೆ ಹೇಳುವ ಮೊದಲು ಡಿಸೆಂಬರ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಕಟ್ಟುವ ಗೊದಲಿಯನ್ನು ನೋಡಬೇಕು. ಕುರುಬರ ಕಥೆ ಇರುವುದು ಲೂಕನಲ್ಲಿ ಮಾತ್ರ. ಪೂರ್ವದಿಕ್ಕಿನ ಜ್ಞಾನಿಗಳ ಕಥೆ ಇರುವುದು ಮತ್ತಾಯನಲ್ಲಿ ಮಾತ್ರ. ಇಬ್ಬರನ್ನೂ ಒಂದೇ ಹುಲ್ಲುಮಾಡಿನ ಕೆಳಗೆ ಕೂಡಿಸುವವರು ನಾವು. ಹಸುವೂ ಕತ್ತೆಯೂ ಜನನದ ವೃತ್ತಾಂತದಲ್ಲಿ ಇಲ್ಲವೇ ಇಲ್ಲ; ಅವು ಪ್ರವಾದಿ ಯೆಶಾಯನ ಮೊದಲ ಅಧ್ಯಾಯದಿಂದ ನಡೆದು ಬಂದವು. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಜೀವಂತ ಗೊದಲಿಯನ್ನು ಏರ್ಪಡಿಸಿದಾಗ ಅವರು ಮಾಡಿದ್ದೂ ಒಂದು ನಾಟಕ ರೂಪಾಂತರವೇ. ತಪಸ್ಕಾಲದಲ್ಲಿ ನಾವು ನಡೆಯುವ ಶಿಲುಬೆ ಹಾದಿಯಲ್ಲಿ ಸ್ವಾಮಿಯ ಮುಖ ಒರೆಸುವ ವೆರೋನಿಕಾಳೂ, ಮೂರು ಬಾರಿಯ ಬೀಳುವಿಕೆಯೂ ಶುಭಸಂದೇಶಗಳಲ್ಲಿ ಇಲ್ಲ. ಅದಕ್ಕಾಗಿಯೇ 1991ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪೂರ್ತಿಯಾಗಿ ಶುಭಸಂದೇಶವನ್ನೇ ಆಧರಿಸಿದ ಇನ್ನೊಂದು ಶಿಲುಬೆ ಹಾದಿಯನ್ನು ನಡೆಸಿಕೊಟ್ಟರು, ಹಳೆಯದನ್ನು ನಿಲ್ಲಿಸಲಿಲ್ಲ.

ನಮ್ಮ ನಾಡಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಿಂದ 1579ರಲ್ಲಿ ಗೋವಾಕ್ಕೆ ಬಂದ ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್, ಬೈಬಲ್ ಕಥೆಯನ್ನು ಓವೀ ಛಂದಸ್ಸಿನ ಪುರಾಣವಾಗಿಸಿ 1616ರಲ್ಲಿ ಮುದ್ರಿಸಿದರು. ಆ 'ಕ್ರಿಸ್ತಪುರಾಣ' ಗೋವಾದಿಂದ ವಲಸೆ ಬಂದವರ ಜೊತೆಗೆ ನಮ್ಮ ಜಿಲ್ಲೆಗೂ ಬಂತು. 1907ರಲ್ಲಿ ಜೋಸೆಫ್ ಸಲ್ದಾನ್ಹಾ ಅವರ ಸಂಪಾದಕತ್ವದಲ್ಲಿ ಮಂಗಳೂರಿನಲ್ಲಿಯೇ ಮತ್ತೆ ಅಚ್ಚಾಯಿತು. ನಿಘಂಟಿನ ಕಿಟ್ಟೆಲರು 1862ರಲ್ಲಿ 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುಸ್ವಾಮಿಯ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಶಿಲುಬೆಯ ದಿನವನ್ನು ವಸ್ತುವಾಗಿಸಿಕೊಂಡು 'ಗೊಲ್ಗೊಥಾ' ಖಂಡಕಾವ್ಯವನ್ನು ರಚಿಸಿದರು, ಅವರು ಕ್ರೈಸ್ತರಾಗಿರಲಿಲ್ಲ. ಇವರಲ್ಲಿ ಯಾರೂ ಗ್ರಂಥದ ಮಾತುಗಳನ್ನು ನಕಲು ಮಾಡಲಿಲ್ಲ. ತಮ್ಮ ಭಾಷೆಯ ಲಯದಲ್ಲಿ ಆ ಕಥೆಯನ್ನು ಮತ್ತೊಮ್ಮೆ ನಡೆಯಿಸಿದರು.

ಹೀಗಾಗಿ ಸೇರಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೋ ಸಿಕ್ಕಿದೆ. ಏನನ್ನು ಸೇರಿಸಬಹುದು, ಎಲ್ಲಿ ನಿಲ್ಲಬೇಕು ಎಂಬುದು ಉಳಿದಿರುವ ಪ್ರಶ್ನೆ. ಅದನ್ನು ಅಳೆಯುವ ಕೋಲಿಗಾಗಿ ನಾವು ದೂರ ಹೋಗಬೇಕಾಗಿಲ್ಲ.

ತಾಳಮದ್ದಳೆಯ ನಿಯಮ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಕವಿ ಬರೆದ ಪದ್ಯವನ್ನು ಭಾಗವತರು ಹಾಡುತ್ತಾರೆ. ಕುಳಿತಲ್ಲಿಯೇ ಅರ್ಥಧಾರಿ ಆ ಪದ್ಯಕ್ಕೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ್ಯ ನಾಲ್ಕು ಸಾಲು; ಅರ್ಥ ಅರ್ಧ ಗಂಟೆ ನಡೆದರೂ ನಡೆದೀತು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ, ನುರಿತ ಅರ್ಥಧಾರಿ ವಾಲಿಯ ಪರವಾಗಿ ಎಂಥ ವಾದ ಕಟ್ಟುತ್ತಾನೆಂದರೆ ಕೇಳುವವರ ಮನಸ್ಸು ಎರಡಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪಾತ್ರಗಳಿಗೆ ಕೊಟ್ಟ ಮಾತನ್ನು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಆದರೆ ಮುಂದಿನ ಪದ್ಯ ಬಂದಾಗ ವಾಲಿ ಪ್ರಾಣ ಬಿಡಲೇಬೇಕು. ಪದ್ಯ ಹೇಳಿದ್ದಕ್ಕೆ ವಿರುದ್ಧವಾಗಿ ಅರ್ಥ ಹೇಳುವಂತಿಲ್ಲ. ಹೇಳಿದರೆ ಸಭೆಯಲ್ಲಿ ಕುಳಿತ ಸಾಮಾನ್ಯ ಕೃಷಿಕನೂ ಅದನ್ನು ಗುರುತಿಸುತ್ತಾನೆ.

ಬೈಬಲ್ ಧಾರಾವಾಹಿಗಳಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇರೊಂದಿಲ್ಲ. ಗ್ರಂಥವು ಪದ್ಯ, ಧಾರಾವಾಹಿಯು ಅರ್ಥ. ಪದ್ಯ ಮುಟ್ಟದೆ ಬಿಟ್ಟ ಮನುಷ್ಯರ ಮೌನವನ್ನು ಅರ್ಥವು ತುಂಬಬಹುದು: ಅಬ್ರಹಾಮನ ಮೂರು ರಾತ್ರಿಗಳು, ಸಾರಾಳ ಬಾಗಿಲು, ಬತ್ಷೆಬೆಯ ಕಣ್ಣೀರು. ಆದರೆ ಗ್ರಂಥದಲ್ಲಿ ಇನ್ನೊಂದು ಬಗೆಯ ಮೌನವೂ ಇದೆ. ಅದು ದೇವರ ಮೌನ. ದೇವರು ಏಕೆ ಹಾಗೆ ಬೇಡಿದರು, ಏಕೆ ಉತ್ತರಿಸಲಿಲ್ಲ ಎಂಬುದನ್ನು ಗ್ರಂಥವೇ ಹೇಳದಿರುವಾಗ ಅಲ್ಲಿ ನಮ್ಮ ಮಾತನ್ನು ತಂದು ಇಡುವುದು ಅರ್ಥವಲ್ಲ. ಅದು ಹೊಸ ಪದ್ಯ.

ಪದ್ಯವನ್ನೇ ಬದಲಿಸಿದ ಕವಿಗಳು ಇಲ್ಲವೆಂದಲ್ಲ. 16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಬರೆದನು. ಪಂಪನ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಎದುರಾಗುತ್ತಾರೆ. ರತ್ನಾಕರನು ಆ ಹೋರಾಟವನ್ನೇ ತಪ್ಪಿಸಿ, ಅಣ್ಣನ ಮಾತಿಗೆ ತಮ್ಮನು ಕರಗುವಂತೆ ಮಾಡಿದನು. ಅದು ಮಹಾಕವಿಯೊಬ್ಬನ ಸ್ವತಂತ್ರ ಕಾವ್ಯ. ಬೈಬಲ್ ಧಾರಾವಾಹಿಯಾದರೋ ತನ್ನನ್ನು ಸ್ವತಂತ್ರ ಕಾವ್ಯವೆಂದು ಕರೆದುಕೊಳ್ಳುವುದಿಲ್ಲ. ಇದು ಬೈಬಲ್ ಎಂದು ಹೇಳಿಕೊಂಡೇ ಮನೆಯೊಳಗೆ ಬರುತ್ತದೆ. ಆದುದರಿಂದ ಅದರ ಹೊಣೆ ಹೆಚ್ಚಿನದು.

ಗೆದ್ದ ಒಂದು ದೃಶ್ಯ

1977ರಲ್ಲಿ ಇಟಲಿಯ ಫ್ರಾಂಕೊ ಜೆಫಿರೆಲ್ಲಿ ನಿರ್ದೇಶಿಸಿದ 'ಜೀಸಸ್ ಆಫ್ ನಜರೆತ್' ಟಿ.ವಿ.ಗಾಗಿಯೇ ತಯಾರಾದ ಆರು ಗಂಟೆಗೂ ಮಿಕ್ಕ ಸರಣಿ. ಅದರಲ್ಲಿ ಒಂದು ದೃಶ್ಯವಿದೆ. ಸುಂಕ ವಸೂಲಿಯ ಮತ್ತಾಯನ ಮನೆಯಲ್ಲಿ ಯೇಸುಸ್ವಾಮಿ ಊಟಕ್ಕೆ ಹೋಗುತ್ತಾರೆ. ಬೆಸ್ತರಿಂದ ಸುಂಕ ಕಿತ್ತುಕೊಂಡವನ ಮನೆಯೊಳಗೆ ಕಾಲಿಡಲು ಪೇತ್ರನಿಗೆ ಮನಸ್ಸಿಲ್ಲ. ಅವನು ಬಾಗಿಲ ಬಳಿಯೇ ನಿಲ್ಲುತ್ತಾನೆ. ಆ ಊಟದ ನಡುವೆ ಯೇಸುಸ್ವಾಮಿ ದುಂದುಗಾರ ಮಗನ ಸಾಮತಿಯನ್ನು ಹೇಳುತ್ತಾರೆ. ಹಿರಿಯ ಮಗನು ಸಿಟ್ಟಿನಿಂದ ಮನೆಯೊಳಗೆ ಬಾರದೆ ಹೊರಗೆ ನಿಂತನೆಂಬ ಮಾತು ಬಂದಾಗ, ಹೊರಗೆ ನಿಂತಿರುವ ಪೇತ್ರನಿಗೆ ಅದು ತನ್ನದೇ ಕಥೆಯೆಂದು ಹೊಳೆಯುತ್ತದೆ. ಅವನು ಒಳಗೆ ಬರುತ್ತಾನೆ.

ಲೂಕನ 15ನೆಯ ಅಧ್ಯಾಯದ ಸಾಮತಿಯನ್ನು ಮತ್ತಾಯನ ಮನೆಗೆ ತಂದದ್ದು ನಿರ್ದೇಶಕರು. ಪೇತ್ರ ಮತ್ತಾಯರ ಜಗಳವೂ ಶುಭಸಂದೇಶದಲ್ಲಿಲ್ಲ. ಆದರೂ ಈ ದೃಶ್ಯ ಪದ್ಯಕ್ಕೆ ಒಪ್ಪುವ ಅರ್ಥ. ಬೆಸ್ತನೂ ಸುಂಕದವನೂ ಒಂದೇ ಶಿಷ್ಯವೃಂದದಲ್ಲಿದ್ದರೆಂಬುದು ಗ್ರಂಥದ ಮಾತು. ಅವರು ಹೇಗೆ ಹೊಂದಿಕೊಂಡರೆಂಬುದು ಗ್ರಂಥ ಬಿಟ್ಟ ಮನುಷ್ಯರ ಮೌನ. ಸಾಮತಿಯು ಲೂಕನಲ್ಲಿ ಮಾಡುವ ಕೆಲಸವನ್ನೇ, ಎಂದರೆ ಪಾಪಿಗಳೊಂದಿಗೆ ಸ್ವಾಮಿ ಊಟ ಮಾಡುವುದನ್ನು ಕಂಡು ಗೊಣಗುವವರ ಹೃದಯ ಮುಟ್ಟುವ ಕೆಲಸವನ್ನೇ, ಇಲ್ಲಿಯೂ ಮಾಡುತ್ತದೆ.

ಅದೇ ಸರಣಿ ಇನ್ನೊಂದೆಡೆ ಎಡವಿತು. ಜೆರಾ ಎಂಬ ಶಾಸ್ತ್ರಿಯೊಬ್ಬನನ್ನು ಕಲ್ಪಿಸಿ, ಅವನ ಕುಟಿಲತೆಗೆ ಯೂದನು ಮೋಸಹೋದನೆಂದು ತೋರಿಸಿತು. ಮತ್ತಾಯನ ಶುಭಸಂದೇಶದಲ್ಲಿ ಯೂದನೇ ಮುಖ್ಯಯಾಜಕರ ಬಳಿಗೆ ಹೋಗಿ ಬೆಲೆ ಕೇಳುತ್ತಾನೆ. ಸ್ವಾಮಿಯ ಜೊತೆಗಿದ್ದು ಊಟ ಮಾಡಿದವನೇ ಅವರನ್ನು ಮಾರಿದನೆಂಬ ನೋವಿನ ಸತ್ಯ ಈ ಕಲ್ಪನೆಯಿಂದ ಸಡಿಲವಾಯಿತು. ಇಲ್ಲಿ ಅರ್ಥವು ಪದ್ಯವನ್ನು ಮೀರಿತು.

ಎರಡು ನಿರಾಕರಣೆಗಳು

ಈಗ ನಮ್ಮ ಯುವಜನರು ನೋಡುತ್ತಿರುವ 'ದಿ ಚೋಸನ್' ಸರಣಿಗೆ ಬರೋಣ. ಅಮೆರಿಕದ ಡಲ್ಲಸ್ ಜೆಂಕಿನ್ಸ್ ಇದರ ನಿರ್ದೇಶಕರು. ಮೊದಲ ಋತುವಿಗೆ ಸಾಮಾನ್ಯ ಜನರೇ ಸುಮಾರು 1 ಕೋಟಿ ಡಾಲರ್ ಕೂಡಿಸಿಕೊಟ್ಟರು. 2019ರಲ್ಲಿ ಅದು ಹೊರಬಂತು. ಸಲಹೆಗಾರರಲ್ಲಿ ಒಬ್ಬ ಕಥೋಲಿಕ ಗುರುವೂ ಇದ್ದಾರೆ. ಯೇಸುವಿನ ಪಾತ್ರಧಾರಿ ಜೊನಾಥನ್ ರೂಮಿ ಕಥೋಲಿಕರು. ಜೆಫಿರೆಲ್ಲಿಯ ಯೇಸು ಕಣ್ಣುರೆಪ್ಪೆಯನ್ನೂ ಅಪರೂಪಕ್ಕೆ ಮಿಟುಕಿಸುವ ಚಿತ್ರಪಟದ ಸ್ವಾಮಿ. ಇಲ್ಲಿಯ ಯೇಸು ಕಾನಾದ ಮದುವೆಯಲ್ಲಿ ನಗುನಗುತ್ತ ಕುಣಿಯುವವರು. ಎರಡೂ ಅರ್ಥಗಳೇ, ಎರಡಕ್ಕೂ ಪದ್ಯದಲ್ಲಿ ಆಧಾರವಿದೆ.

ಈ ಸರಣಿಯ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೇಲಿನ ನಿಯಮದ ಬೆಲೆ ತಿಳಿಯುತ್ತದೆ. 2022ರಲ್ಲಿ ಬಂದ ಮೂರನೆಯ ಋತುವಿನಲ್ಲಿ ಕುಂಟುವ ಶಿಷ್ಯ ಚಿಕ್ಕ ಯಕೋಬನನ್ನು ಇತರರ ರೋಗ ಗುಣಪಡಿಸಲು ಕಳುಹಿಸಲಾಗುತ್ತದೆ. ನನ್ನನ್ನೇಕೆ ಗುಣಪಡಿಸಲಿಲ್ಲ ಎಂದು ಅವನು ಸ್ವಾಮಿಯನ್ನು ಕೇಳುತ್ತಾನೆ. ಪಾತ್ರ ಮಾಡಿದ ನಟನಿಗೆ ನಿಜಜೀವನದಲ್ಲಿಯೂ ಅಂಗವೈಕಲ್ಯವಿದೆ. ಈ ಸಂಭಾಷಣೆ ಶುಭಸಂದೇಶಗಳಲ್ಲಿ ಇಲ್ಲ. ಆದರೆ ತನ್ನ ದೇಹದ ಮುಳ್ಳನ್ನು ತೆಗೆಯುವಂತೆ ಮೂರು ಬಾರಿ ಬೇಡಿದ ಸಂತ ಪೌಲನಿಗೆ ದೊರೆತ ಉತ್ತರ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಬಲಹೀನತೆಯಲ್ಲಿಯೇ ದೇವರ ಶಕ್ತಿ ಪೂರ್ಣಗೊಳ್ಳುತ್ತದೆಂಬುದು ಅದರ ಸಾರ. ಸರಣಿಯಲ್ಲಿ ಯೇಸು ಆಡುವ ಮಾತು ಆ ಬೇರಿನಿಂದಲೇ ಚಿಗುರಿದ್ದು. ಅಂಗವಿಕಲ ಮಗುವನ್ನು ಬಲಿಪೂಜೆಗೆ ಎತ್ತಿಕೊಂಡು ಬರುವ ತಾಯಿಗೆ ಈ ದೃಶ್ಯ ಒಂದು ಪ್ರವಚನಕ್ಕಿಂತ ಹೆಚ್ಚು ಧೈರ್ಯ ಕೊಟ್ಟೀತು.

2024ರಲ್ಲಿ ಬಂದ ನಾಲ್ಕನೆಯ ಋತುವಿನಲ್ಲಿ ಇನ್ನೊಂದು ಪ್ರಸಂಗವಿದೆ. ತೋಮನಿಗೆ ಮದುವೆ ನಿಶ್ಚಯವಾದ ರಾಮಾ ಎಂಬ ಹುಡುಗಿಯನ್ನು ರೋಮನ್ ಅಧಿಕಾರಿಯೊಬ್ಬನು ಇರಿದು ಕೊಲ್ಲುತ್ತಾನೆ. ಅವಳನ್ನು ಎಬ್ಬಿಸಿಕೊಡಬೇಕೆಂದು ತೋಮನು ಅಂಗಲಾಚುತ್ತಾನೆ. ಯೇಸು ಎಬ್ಬಿಸುವುದಿಲ್ಲ. ಅದೇ ಋತುವಿನಲ್ಲಿ ಮುಂದೆ ಲಾಜರನು ಸಮಾಧಿಯಿಂದ ಎದ್ದು ಬಂದಾಗ ತೋಮನ ಎದೆ ಒಡೆಯುತ್ತದೆ. ನಾಟಕವಾಗಿ ಇದು ಬಲವಾದದ್ದು. ತೋಮನ ಸಂಶಯಕ್ಕೆ ಒಂದು ಮಾನವೀಯ ಕಾರಣ ದೊರೆಯುತ್ತದೆ. ಆದರೆ ಇಲ್ಲಿ ಆದದ್ದೇನು? ಆ ಹುಡುಗಿಯೂ ಕಲ್ಪನೆ, ಆ ಕೊಲೆಯೂ ಕಲ್ಪನೆ; ಅವುಗಳ ಮೇಲೆ ಯೇಸುವಿನ ನಿರಾಕರಣೆಯೊಂದನ್ನು ಕಟ್ಟಲಾಯಿತು. ಸತ್ತವರಿಗಾಗಿ ಬೇಡಿಕೊಂಡವರಿಗೆ ಯೇಸುಸ್ವಾಮಿ ಆಗದು ಎಂದ ಒಂದು ಘಟನೆಯೂ ನಾಲ್ಕು ಶುಭಸಂದೇಶಗಳಲ್ಲಿ ಇಲ್ಲ. ಇದು ಮನುಷ್ಯರ ಮೌನಕ್ಕೆ ಕೊಟ್ಟ ಅರ್ಥವಲ್ಲ. ದೇವರ ಮೌನದ ಜಾಗದಲ್ಲಿ ಬರೆದ ಹೊಸ ಪದ್ಯ.

ಪ್ರಾರ್ಥನೆ ಕೈಗೂಡದ ದುಃಖ ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದೆ. ಮಗನನ್ನು, ಗಂಡನನ್ನು ಅಕಾಲದಲ್ಲಿ ಕಳೆದುಕೊಂಡ ಮನೆಗಳಿವೆ. ಆ ಮನೆಗಳಿಗೆ ಧಾರಾವಾಹಿ ಏನು ಹೇಳುತ್ತದೆಂಬುದು ಸಣ್ಣ ವಿಷಯವಲ್ಲ. ಅವರಿಗಾಗಿ ಹೊಸ ಪ್ರಸಂಗ ಕಲ್ಪಿಸುವ ಅಗತ್ಯವೇ ಇರಲಿಲ್ಲ. ಸ್ನಾನಿಕ ಯೊವಾನ್ನನು ಸೆರೆಮನೆಯಲ್ಲಿ ಶಿರಚ್ಛೇದಕ್ಕೆ ಗುರಿಯಾದಾಗ ಯೇಸುಸ್ವಾಮಿ ಸುದ್ದಿ ಕೇಳಿ ಏಕಾಂತ ಸ್ಥಳಕ್ಕೆ ಹೊರಟುಹೋದರೆಂದು ಮತ್ತಾಯನು ಬರೆಯುತ್ತಾನೆ. ಗೆತ್ಸೆಮನೆ ತೋಟದಲ್ಲಿ ಪಾತ್ರೆಯನ್ನು ತೊಲಗಿಸುವಂತೆ ಬೇಡಿಕೊಂಡವರು ಸ್ವತಃ ಅವರೇ. ಮತ್ತಾಯ, ಮಾರ್ಕರ ವೃತ್ತಾಂತದಲ್ಲಿ ಆ ಬೇಡಿಕೆಗೆ ಆಕಾಶದಿಂದ ಯಾವ ಮಾತೂ ಬರುವುದಿಲ್ಲ. ಇಲ್ಲ ಎಂದು ಹೇಳುವ ಯೇಸುವಿಗಿಂತ, ನಮ್ಮೊಡನೆ ಕುಳಿತು ಉತ್ತರಕ್ಕಾಗಿ ಕಾಯುವ ಯೇಸುವನ್ನು ಶುಭಸಂದೇಶ ನಮಗೆ ಕೊಟ್ಟಿದೆ. ಆ ತೋಟದ ರಾತ್ರಿಯನ್ನು ಧೈರ್ಯದಿಂದ, ಹಿನ್ನೆಲೆ ಸಂಗೀತವಿಲ್ಲದೆ ತೋರಿಸಬಲ್ಲ ನಿರ್ದೇಶಕನು ದುಃಖಿತ ಮನೆಗೆ ಹೆಚ್ಚು ಹತ್ತಿರವಾಗುತ್ತಾನೆ.

ಖಳನಾಯಕರ ಹುಡುಕಾಟ

ನಾಟಕಕ್ಕೆ ವಿರೋಧಿ ಪಾತ್ರ ಬೇಕು. ಪಾಡಿನ ಕಥೆಯಲ್ಲಿ ಶತಮಾನಗಳ ಕಾಲ ಆ ಜಾಗಕ್ಕೆ ಇಡೀ ಯೆಹೂದ್ಯ ಜನಾಂಗವನ್ನೇ ತಂದು ನಿಲ್ಲಿಸಲಾಯಿತು. ಅದರ ಫಲವನ್ನು ಯುರೋಪಿನ ಯೆಹೂದ್ಯರು ರಕ್ತದಲ್ಲಿ ಉಂಡರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ 'ನೋಸ್ತ್ರಾ ಎತಾತೆ' ಘೋಷಣೆಯಲ್ಲಿ ಈ ಆರೋಪವನ್ನು ತಳ್ಳಿಹಾಕಿತು. 1988ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿಯ ಸಮಿತಿಯು ಪಾಡಿನ ನಾಟಕಗಳನ್ನು ಪರಿಶೀಲಿಸಲು ಮಾನದಂಡಗಳನ್ನೇ ಪ್ರಕಟಿಸಿತು. ಹಾಗಿದ್ದರೂ 2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಚಿತ್ರ ಇದೇ ಕಾರಣಕ್ಕೆ ತೀವ್ರ ಟೀಕೆಗೆ ಗುರಿಯಾಯಿತು.

ಶುಭ ಶುಕ್ರವಾರ ಧರ್ಮಕೇಂದ್ರಗಳಲ್ಲಿ ಜೀವಂತ ಶಿಲುಬೆ ಹಾದಿಯನ್ನು ನಡೆಸುವ ಯುವಕರೂ ಇದನ್ನು ಗಮನಿಸಬೇಕು. ಯೇಸುಸ್ವಾಮಿ, ಮಾತೆ ಮರಿಯಮ್ಮ, ಪ್ರೇಷಿತರು ಎಲ್ಲರೂ ಯೆಹೂದ್ಯರೇ. ಗುಂಪಿನಲ್ಲಿ ಕೂಗಿದವರು ಯಾವುದೋ ದೂರದ ಜನಾಂಗದವರೆಂದು ನೋಡುಗನು ನೆಮ್ಮದಿಯಿಂದ ಕುಳಿತರೆ ನಾಟಕ ಸೋತಂತೆ. ಅನ್ಯಾಯವನ್ನು ಅರಿತೂ ಕೈ ತೊಳೆದುಕೊಂಡ ಪಿಲಾತನಲ್ಲಿ, ಬೆಂಕಿ ಕಾಯಿಸುತ್ತ ಗುರುತಿಲ್ಲವೆಂದ ಪೇತ್ರನಲ್ಲಿ ಅವನು ತನ್ನನ್ನು ಕಂಡಾಗ ಮಾತ್ರ ಅದು ಗೆಲ್ಲುತ್ತದೆ. ನಾನಾ ಧರ್ಮದ ನೆರೆಹೊರೆಯವರ ನಡುವೆ ಬಾಳುವ ನಮಗೆ, ಒಂದು ಸಮುದಾಯವನ್ನೇ ಖಳನಾಗಿಸುವ ಕಥನ ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮಣ್ಣಿನ ಮಾತು

ಕನ್ನಡದಲ್ಲಿ ಬೈಬಲ್ ಧಾರಾವಾಹಿಯೊಂದು ಬಂದರೆ ಅದರ ಪಾತ್ರಗಳು ಯಾವ ಕನ್ನಡ ಮಾತನಾಡಬೇಕು? ಡಬ್ಬಿಂಗ್‌ನಲ್ಲಿ ಅರಸನೂ ಕುರುಬನೂ ಒಂದೇ ಗ್ರಾಂಥಿಕ ಭಾಷೆಯಲ್ಲಿ ಮಾತನಾಡುವುದುಂಟು. ಯಕ್ಷಗಾನದಲ್ಲಿ ಹಾಗಿಲ್ಲ, ರಾಜನಿಗೆ ಪ್ರೌಢ ಮಾತು, ಹಾಸ್ಯಗಾರನಿಗೆ ಬೀದಿಯ ಮಾತು. ಯೇಸುಸ್ವಾಮಿ ಸಾಮತಿಗಳನ್ನು ಹೇಳಿದ್ದು ಬಿತ್ತುವವನ, ಬಲೆ ಬೀಸುವವನ, ಹಿಟ್ಟು ನಾದುವವಳ ಮಾತಿನಲ್ಲಿ. ಶೇಂದಿ ಬೆರೆಸಿ ಸಾನ್ನಾದ ಹಿಟ್ಟು ಉಬ್ಬುವುದನ್ನು ಕಾಯುವ ಮನೆಯಾಕೆಗೆ ಹುಳಿಹಿಟ್ಟಿನ ಸಾಮತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಬೆಳಗಿನಿಂದ ದುಡಿದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ ಹಿಡಿದು ಬದುಕುವ ಬಂಟ್ವಾಳದ ಹೆಂಗಸಿಗೂ, ನಸುಕಿಗೇ ಎದ್ದು ರಬ್ಬರ್ ಟ್ಯಾಪಿಂಗ್‌ಗೆ ಹೋಗುವ ಬೆಳ್ತಂಗಡಿಯವನಿಗೂ ಆ ಬೆಳಗಿನ ಕೂಲಿಯವನ ಸಿಟ್ಟು ಚೆನ್ನಾಗಿ ಅರ್ಥವಾದೀತು. ಆ ಸಿಟ್ಟನ್ನು ನಿಜವಾಗಿ ತೋರಿಸಿದ ಮೇಲೆಯೇ ಯಜಮಾನನ ಔದಾರ್ಯ ಬೆಳಗುತ್ತದೆ.

ಆದಿಕಾಂಡದ 37ರಿಂದ 50ರ ತನಕದ ಅಧ್ಯಾಯಗಳಲ್ಲಿರುವ ಜೋಸೆಫನ ಕಥೆ ಧಾರಾವಾಹಿಗೆ ಹೇಳಿ ಮಾಡಿಸಿದಂತಿದೆ: ಅಣ್ಣತಮ್ಮಂದಿರ ಮತ್ಸರ, ಪರದೇಶದ ದುಡಿಮೆ, ಸುಳ್ಳು ಆಪಾದನೆ, ಬರಗಾಲ, ಗುರುತಿಸದೆ ಎದುರು ನಿಂತ ಸಹೋದರರು, ಮರೆಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುವ ಅಧಿಕಾರಿ. ಮಕ್ಕಳನ್ನು ಕೊಲ್ಲಿ ದೇಶಗಳಿಗೆ ಕಳುಹಿಸಿದ, ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಸಹೋದರರಿರುವ ಊರುಗಳಿಗೆ ಇದು ಹೊರಗಿನ ಕಥೆಯಲ್ಲ.

ಇದಕ್ಕೆ ಕೋಟಿಗಟ್ಟಲೆ ಹಣ, ಒಂಟೆ, ಮರುಭೂಮಿ ಬೇಕೆಂಬುದೂ ಒಂದು ಭ್ರಮೆ. ನಾಲ್ಕು ಕುರ್ಚಿಗಳಲ್ಲಿ ಕುಳಿತ ಅರ್ಥಧಾರಿಗಳು ಕುರುಕ್ಷೇತ್ರವನ್ನೇ ತಂದಿಡುವ ಊರು ನಮ್ಮದು. ಹಬ್ಬದ ರಾತ್ರಿ ನಾಟಕವಾಡುವ ತಂಡವು ಒಂದು ಕೋಣೆಯಲ್ಲಿ ಅಬ್ರಹಾಮ ಸಾರಾ ಇಬ್ಬರನ್ನೇ ಕೂರಿಸಿ, ಪ್ರಯಾಣದ ಹಿಂದಿನ ರಾತ್ರಿಯ ಇಪ್ಪತ್ತು ನಿಮಿಷಗಳನ್ನು ಒಂದೇ ಕ್ಯಾಮೆರಾದಲ್ಲಿ ಚಿತ್ರಿಸಿದರೂ ಸಾಕು. ಗುಡುಗಿನ ಸದ್ದು, ಬೆಳಕಿನ ಚಮತ್ಕಾರ ಬೇಡ. ತಂದೆ ಏನನ್ನೋ ಹೇಳಲಾರದೆ ಸೌದೆ ಕಟ್ಟುತ್ತಾನೆ. ತಾಯಿ ಬುತ್ತಿ ಕಟ್ಟುತ್ತಾಳೆ. ದೇವರು ಏಕೆ ಹಾಗೆ ಕೇಳಿದರೆಂಬ ವಿವರಣೆಯನ್ನು ಯಾರ ಬಾಯಿಂದಲೂ ಹೇಳಿಸದಿದ್ದರೆ ಆಯಿತು.

ನೋಡುವವರ ಪಾಲು

ಒಳ್ಳೆಯ ರೂಪಾಂತರ ಯಾವುದೆಂಬುದಕ್ಕೆ ಗ್ರಂಥದಲ್ಲಿಯೇ ಒಂದು ನಿದರ್ಶನವಿದೆ. ದಾವೀದನ ಪಾಪದ ಬಳಿಕ ಪ್ರವಾದಿ ನಾತಾನನು ಅವನ ಬಳಿಗೆ ಬಂದು ಒಂದು ಕಥೆ ಹೇಳುತ್ತಾನೆ: ಬಡವನೊಬ್ಬನು ಮಗಳಂತೆ ಸಾಕಿದ ಒಂದೇ ಕುರಿಮರಿಯನ್ನು ಶ್ರೀಮಂತನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದನು. ಅರಸನು ಕಥೆಯಲ್ಲಿ ಮುಳುಗಿ, ಕೋಪದಿಂದ ಆ ಶ್ರೀಮಂತನಿಗೆ ತೀರ್ಪು ಕೊಡುತ್ತಾನೆ. ಆ ಶ್ರೀಮಂತನು ಅರಸನೇ ಎಂದು ಪ್ರವಾದಿ ತೋರಿಸಿಕೊಡುತ್ತಾನೆ. ನಾತಾನನ ಕಥೆಯಲ್ಲಿ ಬತ್ಷೆಬೆ ಇಲ್ಲ, ಊರೀಯನಿಲ್ಲ, ಅರಮನೆಯಿಲ್ಲ, ಎಲ್ಲವೂ ಬದಲಾಗಿದೆ. ಆದರೂ ಸತ್ಯ ಒಂದಿಷ್ಟೂ ಬದಲಾಗಲಿಲ್ಲ, ಮತ್ತು ಕೇಳುಗನು ತಪ್ಪಿಸಿಕೊಳ್ಳಲಾಗಲಿಲ್ಲ.

ಮನೆಯಲ್ಲಿ ಬೈಬಲ್ ಧಾರಾವಾಹಿ ನೋಡುವಾಗ ನಾವು ಮಾಡಬೇಕಾದ ಕೆಲಸವೂ ಒಂದಿದೆ. ಕಂತು ಮುಗಿದ ಮೇಲೆ ಆ ಅಧ್ಯಾಯವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕು. ಯಾವುದು ಪದ್ಯ, ಯಾವುದು ಅರ್ಥ ಎಂದು ಅವರೇ ಹೇಳಲಿ. ತೆರೆಯ ಮೇಲಿನ ಯಾವ ಮಾತು ಗ್ರಂಥದಲ್ಲಿಲ್ಲ, ಅದು ಗ್ರಂಥಕ್ಕೆ ಒಪ್ಪುತ್ತದೆಯೇ ಎಂಬ ಚರ್ಚೆ ಊಟದ ಹೊತ್ತಿನಲ್ಲಿ ನಡೆಯಲಿ. ತಾಳಮದ್ದಳೆಯ ಸಭೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಮಾಡುವ ವಿಮರ್ಶೆ ಇದು. ನಮ್ಮ ಮಕ್ಕಳಿಗೂ ಸಾಧ್ಯವಾದೀತು.

ದುಂದುಗಾರ ಮಗನ ಸಾಮತಿಯಲ್ಲಿ ಹೊರಗೆ ನಿಂತ ಹಿರಿಯ ಮಗನನ್ನು ತಂದೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕನು ಹೇಳುವುದಿಲ್ಲ. ಜೆಫಿರೆಲ್ಲಿಯ ಪೇತ್ರನು ಒಳಗೆ ಹೋದನು. ಮಿಕ್ಕವರ ಉತ್ತರವನ್ನು ಯಾವ ಧಾರಾವಾಹಿಯೂ ಬರೆಯಲಾರದು, ಟಿ.ವಿ. ಆರಿಸಿ ಎದ್ದ ಮೇಲೆ, ಮಾತು ಬಿಟ್ಟ ಅಣ್ಣನ ಅಥವಾ ತಮ್ಮನ ಮನೆಯ ಕಡೆಗೆ ನಾವು ನಡೆಯುತ್ತೇವೆಯೇ ಎಂಬುದರಲ್ಲಿ ಅದು ಇದೆ.